ಹಿಂಬದಿಯ ಗೇಟು

ಓಣಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಆಸ್ಪತ್ರೆಯ ಹಿಂಗೋಡೆಗೆ ಅಂಟಿಕೊಂಡ, ಗಾಡಿ ನುಗ್ಗದ ಓಣಿ ಅದು. ಗೋಡೆಯಲ್ಲೊಂದು ಕಬ್ಬಿಣದ ಗೇಟು, ಗೇಟಿನಾಚೆ ಹೆರಿಗೆ ವಾರ್ಡು. ಆದರೆ ಗೇಟಿಗೆ ಸದಾ ಬೀಗ. ಸುತ್ತು ಬಳಸಿ ಮುಂಬಾಗಿಲು ಮುಟ್ಟಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲೇ ಅವಳು ಚೊಚ್ಚಲ ಮಗುವನ್ನು ಕಳೆದುಕೊಂಡಿದ್ದಳು.

ಆರು ವರ್ಷದ ಮೇಲೆ ಆಸ್ಪತ್ರೆಯವರು ಸುತ್ತಲಿನ ಜನರನ್ನು ಸೇರಿಸಿ ತಾಯಿ-ಮಗು ಸಮಿತಿ ಮಾಡಿದರು. ನರ್ಸಮ್ಮ ಇವಳನ್ನೇ ಹುಡುಕಿಕೊಂಡು ಬಂದಳು. "ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ, ಬನ್ನಿ ಅಕ್ಕ." ಊರವರ ಬಟ್ಟೆಯ ಸುಕ್ಕು ತೆಗೆಯುವವಳು ಅವತ್ತು ತನ್ನ ಬಟ್ಟೆಗೂ ಇಸ್ತ್ರಿ ಹಾಕಿಕೊಂಡು ಹೋದಳು. ಮಗುವಿನ ಕಥೆ ಹೇಳಿದಳು. ಕೇಳಿದವರು ಕಣ್ಣೊರೆಸಿಕೊಂಡರು.

"ಆ ಹಿಂದಿನ ಗೇಟು ತೆಗೆಸಿಬಿಡಿ ಸಾರ್, ಅಷ್ಟೇ ಸಾಕು."

ಅಧ್ಯಕ್ಷರು ಬರೆಸಿಕೊಂಡರು. ಮುಂದಿನ ಸಭೆಗೆ ಹೊಸಬರು ಬಂದರು, ಮತ್ತೆ ಕಥೆ ಹೇಳಿಸಿದರು. ಹೀಗೇ ಎರಡು ವರ್ಷ ಉರುಳಿತು. ಗೋಡೆಯ ಮೇಲೆ ನಗುವ ತಾಯಿ-ಮಗುವಿನ ಚಿತ್ರವೂ ಬಂತು. ಬೀಗ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ನೀನು ಗೇಟು ತೆಗೆಸೋಕೆ ಹೋಗ್ತಿದೀಯೋ, ಹರಿಕಥೆ ಮಾಡೋಕೋ?" ಎಂದು ಗಂಡ ಛೇಡಿಸಿದರೆ, "ಈ ಸಲ ಆಗುತ್ತೆ ಕಣ್ರೀ" ಎನ್ನುತ್ತಿದ್ದಳು.

ಅಷ್ಟರಲ್ಲಿ ಜೊತೆಗೇ ಇದ್ದ ನಾದಿನಿಗೆ ದಿನ ತುಂಬುತ್ತ ಬಂತು. "ಮುಂಬಾಗಿಲ ಹತ್ತಿರ ಚಿಕ್ಕಮ್ಮನ ಮನೆ ಇದೆಯಲ್ಲ ಅತ್ತಿಗೆ, ಕೊನೇ ತಿಂಗಳು ಅಲ್ಲೇ ಇರ್ತೀನಿ."

"ಯಾಕೆ ಸುಮ್ನೆ? ಬರೋ ವಾರ ಗೇಟು ತೆಗೀತಾರೆ. ಅಧ್ಯಕ್ಷರೇ ಬಾಯಿಬಿಟ್ಟು ಹೇಳಿದಾರೆ."

ನಾದಿನಿ ನಂಬಿ ಉಳಿದಳು. ಮೂರು ವಾರ ಕಳೆದು, ಒಂದು ಮಧ್ಯಾಹ್ನ ನೋವು ಶುರುವಾಯಿತು. ಇಬ್ಬರೂ ಗೇಟಿಗೆ ಬಂದರು. ಕಂಬಿಯಾಚೆ ಕಾವಲಿನವನು ಕೈ ಹಿಸುಕಿಕೊಂಡ. "ಕೀಲಿ ನನ್ನತ್ರ ಇಲ್ಲಮ್ಮ. ಆರ್ಡರೇ ಬಂದಿಲ್ಲ."

ಸುತ್ತು ಹೊಡೆಯುವಾಗ ದಾರಿಯಲ್ಲೇ ನಾದಿನಿ ಕುಸಿದಳು. ಜನ ಎತ್ತಿಕೊಂಡು ಓಡಿದರು. ಅವಳು ಬದುಕಿದಳು, ಮಗು ಉಳಿಯಲಿಲ್ಲ. ವಾರ್ಡಿನಿಂದ ನೇರ ಚಿಕ್ಕಮ್ಮನ ಮನೆಗೆ ಹೋದಳು. ಅತ್ತಿಗೆಯನ್ನು ಒಂದು ಮಾತೂ ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ.

ನರ್ಸಮ್ಮ ಮತ್ತೆ ಬಂದಳು, ಅವಳ ಕಣ್ಣೂ ಕೆಂಪಾಗಿತ್ತು. "ಇದನ್ನೂ ಸಭೇಲಿ ಹೇಳಿ ಅಕ್ಕ."

"ಏನಂತ ಹೇಳ್ಲಿ? ಅವಳನ್ನ ತಡೆದು ನಿಲ್ಲಿಸಿದ್ದು ನಾನೇ."

ಇಸ್ತ್ರಿ ಅಕ್ಕ ಮತ್ತೆ ಸಭೆಗೆ ಹೋಗಲಿಲ್ಲ. ಸಮಿತಿಯವರು ಓಣಿಯಿಂದ ಇನ್ನೊಬ್ಬಳನ್ನು ಆರಿಸಿದರು. ಅವಳೂ ಹಸುಗೂಸನ್ನು ಕಳೆದುಕೊಂಡವಳೇ. ಸಭೆಯ ಹಿಂದಿನ ದಿನ ಬಂದು, "ಅಲ್ಲಿ ಏನು ಮಾತಾಡ್ಬೇಕು ಅಕ್ಕ?" ಎಂದು ಕೇಳಿದಳು.

ಇಸ್ತ್ರಿ ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಗೇಟಿನ ವಿಷ್ಯ ಒಂದೇ ಕೇಳು. ಮಗು ಮಾತು ಎತ್ತಲೇಬೇಡ. ಕೇಳಿ ಅವರು ಅತ್ತುಬಿಟ್ರೆ, ಅವರ ಮಟ್ಟಿಗೆ ಕೆಲ್ಸ ಮುಗಿದಂಗೆ."