ಮುಂಡಾಜೆಗೆ ಹೋದ ಆರು ಸೀರೆ

ಕೊರೋನಾ ಮುಗಿದ ಮರುವರ್ಷ ನಾನು ಬಿ.ಸಿ.ರೋಡಿನ ಒಂದು ಜವಳಿ ಕಂಪೆನಿಯಲ್ಲಿ ಆಪರೇಷನ್ಸ್ ಮುಖ್ಯಸ್ಥೆಯಾಗಿದ್ದೆ; ಐದು ಮಂದಿಯ ಬೋರ್ಡಿನಲ್ಲಿ ನಿರ್ದೇಶಕಿಯೂ ಹೌದು. ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ನಮ್ಮ ಮಳಿಗೆಗಳಿದ್ದವು. ನಾನು ಮೊದಲು ಸೇರಿದ್ದು ಸೀರೆ ಕೌಂಟರಿಗೆ. ಸೀರೆ ಬಿಡಿಸಿ ತೋರಿಸಲು ಕಲಿಸಿದವರು ವಸಂತಿ ಅಕ್ಕ. ನಾನು ಮೀಟಿಂಗುಗಳಿಗೆ ಹೋಗಲು ಶುರು ಮಾಡಿದ ಮೇಲೂ ಅವರು ಬೆಳ್ತಂಗಡಿಯ ಕೌಂಟರಿನಲ್ಲೇ ಇದ್ದರು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು.

ನಮ್ಮ ಅಂಗಡಿಯಲ್ಲಿ ಮದುವೆ ಜವಳಿಗೆ ಒಂದು ಕ್ರಮ ಇತ್ತು. ಬರಲಾಗದ ಹಿರಿಯರು ಮನೆಯಲ್ಲಿದ್ದರೆ ಐದಾರು ಸೀರೆ ಕಟ್ಟಿ ಕಳುಹಿಸುವುದು. ಅವರು ಒಂದನ್ನು ಆರಿಸಿದ ಮೇಲೆ ಉಳಿದದ್ದು ವಾಪಸು ಬರುವುದು. ಬಿಲ್ಲಿಲ್ಲ, ಪರಿಚಯವೇ ಸಾಕು. ಬಾರ್‌ಕೋಡ್ ಬಂದ ಮೇಲೆ ಇದಕ್ಕೂ ‘ಶ್ರಿಂಕೇಜ್’ ಎಂಬ ಹೆಸರು ಬಂತು. ಅಂದರೆ ಕಂಪ್ಯೂಟರಿನಲ್ಲಿದ್ದು ಕಪಾಟಿನಲ್ಲಿಲ್ಲದ ಸರಕು. ಬಿಲ್ಲಿಲ್ಲದೆ ಸರಕು ಹೊರಗೆ ಕೊಟ್ಟವರನ್ನು ಕೆಲಸದಿಂದ ತೆಗೆಯುವ ನಿಯಮ ಬೋರ್ಡಿಗೆ ಬಂದಾಗ ನಾನೂ ಕೈ ಎತ್ತಿದೆ. ಸೀರೆಯ ಕ್ರಮ ನೆನಪಾಗದೆ ಇರಲಿಲ್ಲ. ಊಟಕ್ಕೆ ಹೊತ್ತಾಗಿತ್ತು, ಈಗ ಯಾರು ಅದನ್ನು ವಿವರಿಸುವುದು ಎಂದು ಸುಮ್ಮನಾದೆ. ಸುತ್ತೋಲೆ ಎಲ್ಲ ಕಡೆ ಹೋಯಿತು. ವಸಂತಿ ಅಕ್ಕನೂ ಓದಿ ಸಹಿ ಹಾಕಿದರು.

ಒಂದು ಗುರುವಾರ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಸ್ಟಾಕ್ ತಪಾಸಣೆ ಆಯಿತು. ಆರು ರೇಷ್ಮೆ ಸೀರೆ ಇಲ್ಲ. ನಾನು ತಲುಪುವಾಗ ಆಡಿಟರ್ ವಸಂತಿ ಅಕ್ಕನ ಹೇಳಿಕೆ ಬರೆದುಕೊಳ್ಳುತ್ತಿದ್ದರು.

“ಮುಂಡಾಜೆಗೆ ಕಳ್ಸಿದ್ದು. ಮದುಮಗಳ ಅಜ್ಜಿ ಸೊಂಟ ಮುರಿದು ಮಲಗಿದ್ದಾರೆ. ಮಂಚ ಸಮೇತ ಹೊತ್ಕೊಂಡು ಬನ್ನಿ ಅಂತ ಹೇಳುವುದಾ ಮಾರಾಯ್ರೆ?”

“ಸುತ್ತೋಲೆ ಓದಿದ್ದೀರಲ್ಲ?”

“ಓದಿದ್ದೇನೆ. ಅದು ಹೊರಗೆ ಕೊಟ್ಟದ್ದಕ್ಕೆ. ಇದು ತೋರಿಸ್ಲಿಕ್ಕೆ ಹೋದದ್ದು. ಶೋಭಾ, ನೀನೇ ಹೇಳು ಇವರಿಗೆ.”

ನಾನು ಹೇಳಿದೆ. ಆಡಿಟರ್ ಅದನ್ನೂ ಬರೆದುಕೊಂಡರು. ಹೊರಗೆ ಬಂದು ಅಧ್ಯಕ್ಷರಿಗೆ ಫೋನ್ ಮಾಡಿದೆ.

“ಕಳ್ಳತನ ಅಲ್ಲ ಅಂತ ನನಗೂ ಗೊತ್ತುಂಟು,” ಎಂದರು ಅವರು. “ಆದರೆ ಹೋದ ತಿಂಗಳು ಮೂಡುಬಿದಿರೆಯಲ್ಲಿ ಎರಡು ಶರ್ಟಿಗೆ ಒಬ್ಬನನ್ನು ತೆಗೆದದ್ದು ನೀವೇ ಅಲ್ವಾ? ಅವನಿಗೆ ಏನು ಹೇಳ್ತೀರಿ?”

ಮೂಡುಬಿದಿರೆ ಮಳಿಗೆಯ ಆ ಸೇಲ್ಸ್‌ಮನ್, ಅಣ್ಣನಿಗೆ ಅಳತೆ ನೋಡಲು ಒಯ್ದೆ ಎಂದಿದ್ದ. ನಾನು ನಂಬಿರಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಮದುಮಗಳ ಸೋದರಮಾವ ಐದು ಸೀರೆ ವಾಪಸು ತಂದು, ಆರನೆಯದಕ್ಕೆ ಬಿಲ್ ಮಾಡಿಸಿದರು. “ಅಜ್ಜಿಗೆ ಹಸಿರೇ ಆಗ್ಬೇಕಂತೆ,” ಎಂದು ನಕ್ಕರು. ವಸಂತಿ ಅಕ್ಕನೂ ನಕ್ಕರು, ನನ್ನ ಕಡೆ ನೋಡಿದರು. ಎಲ್ಲ ಸರಿಹೋಯಿತು ಎಂದೇ ಅವರ ಎಣಿಕೆ. ಆಡಿಟರ್ ವರದಿ ಆಗಲೇ ಬೋರ್ಡಿಗೆ ಹೋಗಿತ್ತು.

ಸೋಮವಾರ ಬೋರ್ಡ್ ಸೇರಿತು. ವಸಂತಿ ಅಕ್ಕನನ್ನು ಉಳಿಸಿಕೊಳ್ಳಲು ನನ್ನದೊಂದು ಮತ, ಎದುರು ನಾಲ್ಕು. ವಜಾ ಬೇಡ, ರಾಜೀನಾಮೆ ಎಂದಾಗಲಿ ಎಂಬುದನ್ನು ಮಾತ್ರ ಒಪ್ಪಿದರು. ಹಾಳೆ ಹಿಡಿದು ಹೋದವಳೂ ನಾನೇ.

“ಕಾರಣ ಏನು ಬರೆಯುವುದು?” ಎಂದು ಕೇಳಿದರು ವಸಂತಿ ಅಕ್ಕ.

“ವೈಯಕ್ತಿಕ ಅಂತ ಬರೀರಿ ಅಕ್ಕ.”

“ಯಾರ ವೈಯಕ್ತಿಕ?”

ನಾನು ಹಾಳೆಯನ್ನು ಅವರ ಕಡೆ ಸರಿಸಿದೆ. ಅವರು ಬರೆದು, ಪೆನ್ನು ಮುಚ್ಚಿ ಕೊಟ್ಟರು.

ನಿರ್ದೇಶಕಿಗೆ ಅಧಿಕಾರ ಇರುವುದು ನಿಯಮ ಆಗುವ ತನಕ. ಆದ ಮೇಲೆ ಅವಳು ಅದನ್ನು ಓದಿ ಹೇಳುವವಳು, ಅಷ್ಟೆ. ಈಗ ಯಾವ ನಿಯಮ ಬಂದರೂ, ಇದು ಕೌಂಟರಿನಲ್ಲಿ ನಿಂತವರಿಗೆ ಹೇಗೆ ಅರ್ಥವಾಗುತ್ತದೆ ಎಂದು ಕೇಳುತ್ತೇನೆ. ಮೀಟಿಂಗ್ ಉದ್ದವಾಗುತ್ತದೆ ಎಂದು ಉಳಿದವರು ಗೊಣಗುತ್ತಾರೆ. ಗೊಣಗಲಿ. ಇದರಿಂದ ವಸಂತಿ ಅಕ್ಕನಿಗೆ ಏನೂ ಉಪಯೋಗ ಆಗಲಿಲ್ಲ ಎಂಬುದು ನನಗೆ ಗೊತ್ತು.