ಎತ್ತಿನ ಪಾಲಿನ ಹುರುಳಿ

ನಮ್ಮ ಮನೆಯಲ್ಲಿ ಹುರುಳಿ ಬೇಯಿಸುವುದಕ್ಕೊಂದು ಶಾಸ್ತ್ರವಿತ್ತು. ಬೆಂದ ಮೇಲೆ ಬಸಿದು, ಕಟ್ಟಿನ ನೀರು ಮನುಷ್ಯರಿಗೆ, ಕಾಳು ಎತ್ತುಗಳಿಗೆ. ಸಾರವೆಲ್ಲ ನೀರಿಗಿಳಿಯುತ್ತದೆ, ಉಳಿದದ್ದು ಬರೀ ಚರಟ ಎಂಬುದು ಅವ್ವನ ಸಿದ್ಧಾಂತ. ಅದನ್ನು ಖಂಡಿಸಿದ ಪಂಡಿತರನ್ನು ತಳಕು ಸೀಮೆಯಲ್ಲಿ ನಾನು ಕಂಡಿಲ್ಲ. ಸಾರ ಕುಡಿದ ನಾವು ಗಾಡಿಯಲ್ಲಿ ಕೂರುತ್ತಿದ್ದೆವು. ಚರಟ ತಿಂದ ಎತ್ತುಗಳು ನಮ್ಮನ್ನು ಎಳೆಯುತ್ತಿದ್ದವು. ಅವುಗಳ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ನಮಗೆ ಮಾತ್ರ ಏನೂ ಹೊಳೆಯಲಿಲ್ಲ.

ಹೆಂಡತಿ ಎರಡನೆಯ ಸಲ ಬಸುರಾದಾಗ, ಬಸುರಿಯ ಹಾಲು ಕೆಟ್ಟದ್ದೆಂದು ಮಗಳಿಗೆ ಮೊಲೆ ಬಿಡಿಸಿದರು. ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚಿಕೊಂಡು ಹೆಂಡತಿ ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಹಸುವಿನ ಹಾಲೂ ಬತ್ತಿತ್ತು. ಕೂಸಿಗೆ ನವಣೆಯ ಗಂಜಿ, ಅದರ ಮೇಲೆ ತಿಳಿಯಾದ ಕಟ್ಟು.

ಮಗ ಹುಟ್ಟುವ ಹೊತ್ತಿಗೆ ಮಗಳ ಕೆನ್ನೆ, ಪಾದ ಉಬ್ಬಿದ್ದವು. ನಾವು ಹಿಗ್ಗಿದೆವು.

“ನೋಡ್ಲೇ, ಗಂಜಿ ಹೆಂಗೆ ಮೈಗೆ ಹತ್ತೈತೆ!” ಎಂದಳು ಅವ್ವ.

“ಮತ್ಯಾಕವ್ವಾ ನಗೋದೇ ಮರ್ತಾಳೆ?”

“ಅಕ್ಕ ಆದ್ಲಲ್ಲ, ಗತ್ತು!”

ಮಗಳ ಕೂದಲು ಕೆಂಚಗಾದದ್ದಕ್ಕೆ ಬಿಸಿಲು ಹೊಣೆಯಾಯಿತು. ಉತ್ತರಗಳಿಗೆ ನಮ್ಮಲ್ಲಿ ಎಂದೂ ಬಡತನವಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಕೊಟ್ಟಿಗೆಯಲ್ಲಿ ಗೋದಲಿಯ ಅಂಚಿಗೆ ಒರಗಿ ನಿಂತು, ಎತ್ತಿಗೆ ಹಾಕಿದ್ದ ಬೆಂದ ಕಾಳನ್ನು ಎರಡೂ ಕೈಯಿಂದ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಎತ್ತು ಮೂತಿ ಹಿಂದಕ್ಕೆಳೆದುಕೊಂಡು ಜಾಗ ಬಿಟ್ಟಿತ್ತು.

“ಏನ್ಲೇ, ಮಗಳನ್ನೂ ನೊಗಕ್ಕೆ ಕಟ್ತೀಯೇನು?” ಎಂದ ನೆರೆಮನೆಯ ಮಾವ. ಎಲ್ಲರೂ ನಕ್ಕೆವು. ಅವ್ವ ಓಡಿ ಬಂದು, ಬೆರಳು ಹಾಕಿ, ಬಾಯೊಳಗಿನದೆಲ್ಲ ತೆಗೆದಳು.

“ಬ್ಯಾಡ ನನ್ನವ್ವ, ಕೂಸಿಗೆ ಕಾಳು ಅರಗಲ್ಲ. ಹೊಟ್ಟೆ ನೋಯ್ತೈತೆ.”

ಪ್ರೀತಿಯಿಂದಲೇ ತೆಗೆದಳು. ಮಗಳು ಗಟ್ಟಿಯಾಗಿ ಅತ್ತಳು. ಅವಳ ದನಿ ಕೇಳಿ ಬಹಳ ದಿನವಾಗಿತ್ತು. ಅಂದಿನಿಂದ ಕೊಟ್ಟಿಗೆಗೆ ಅಗುಳಿ ಬಿತ್ತು.

ಮುಂಗಾರಿಗೆ ಮುಂಚೆ ಅವಳು ಹೋದಳು. “ಇಷ್ಟು ಮೈ ತುಂಬಿದ್ ಕೂಸು, ದೃಷ್ಟಿನೇ ತಾಗೈತೆ ಕಣ್ರಿ” ಎಂದರು, ಗುಂಡಿಯ ಸುತ್ತ ನಿಂತವರು. ಒಪ್ಪಿಕೊಂಡು ಮಣ್ಣು ಹಾಕಿದೆ.

ಆಗ ಹುಟ್ಟಿದ ಮಗ ದೊಡ್ಡವನಾಗಿ, ಮದುವೆಯಾಗಿ, ಅವನ ಕೂಸಿನ ಪಾದವೂ ಊದಿದಾಗ ಚಳ್ಳಕೆರೆಯ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ತೋರಿಸಿದರು. “ಇದು ಮೈಯಲ್ಲ, ನೀರು. ಮೈ ಬೆಳೆಸುವ ಪ್ರೋಟೀನು ಅಂತ ಒಂದಿದೆ. ಅದು ಕಾಳಿನಲ್ಲಿರುತ್ತೆ, ಬಸಿದ ನೀರಿನಲ್ಲಲ್ಲ. ಕಾಳನ್ನೇ ಬೇಯಿಸಿ, ಅರೆದು ತಿನ್ನಿಸಿ.”

ದಾರಿಯುದ್ದಕ್ಕೂ ಆ ಹೊಸ ಶಬ್ದವನ್ನು ಹೊತ್ತು ತಂದೆ. ಅಡುಗೆ ಮನೆ ಇನ್ನೂ ಅವ್ವನದೇ.

“ಏನಂದ್ರು ಡಾಕ್ಟ್ರು?”

“ಕಾಳನ್ನೇ ಬೇಯಿಸಿ ಅರೆದು ಕೊಡಬೇಕಂತೆ ಅವ್ವ. ಈಗಿನ ಹುರುಳಿ ಬ್ಯಾರೆ ತಳಿಯಂತೆ. ಇದರ ಸಾರ ನೀರಿಗೆ ಬಿಡಲ್ವಂತೆ.”

ಅವ್ವ ನನ್ನ ಮುಖ ನೋಡಿದಳು.

“ಆಗಿನ ಹುರುಳಿ?”

“ಆಗಿಂದು ನೀನು ಹೇಳಿದಂಗೇ ಇತ್ತು.”

ಅವಳು ಎದ್ದು ಹೋದಳು. ಒರಳು ತೊಳೆದು, ಬೆಂದ ಕಾಳು ಹಾಕಿ, ನುಣ್ಣಗಾದ ಮೇಲೂ ಅರೆಯುತ್ತಲೇ ಇದ್ದಳು.