ಕಪಿಲೆಯ ತಳದಿಂದ ಐದು ಎಳೆತ

ಗಾಳಿ, ದೆವ್ವ, ಸತ್ತವರ ಸುಳಿವು ಎಂದರೆ ನಗುತ್ತಿದ್ದವನು ನಾನು. ಕೇಬಲ್ ರಿಪೇರಿ ನನ್ನ ಕಸುಬು. ಮೀಟರು ತೋರಿಸಿದ್ದನ್ನು ನಂಬುತ್ತೇನೆ, ಉಳಿದದ್ದನ್ನು ಇಲ್ಲ. ಆದರೆ ನಾಲ್ಕು ವರ್ಷದ ಹಿಂದಿನ ಆ ಮಧ್ಯಾಹ್ನವನ್ನು ಬರೆಯದೆ ಸುಮ್ಮನಿರಲು ಆಗುತ್ತಿಲ್ಲ.

ಸಮುದ್ರದ ತಳದಲ್ಲಿ ಕೇಬಲ್ ಹಾಸುವ ಮೊದಲು ಹಡಗು ಓಡಾಡಿಸಿ, ಅಲ್ಲಿನ ಗುಂಡಿ ಬಂಡೆಗಳನ್ನೆಲ್ಲ ಗುರುತು ಮಾಡಿಕೊಳ್ಳುತ್ತಾರಂತೆ. ತಿ. ನರಸೀಪುರದ ಹತ್ತಿರ ಕಪಿಲೆಯ ತಳದಲ್ಲಿ ನಾವು ಹಾಸಿದ ಇಂಟರ್‌ನೆಟ್ ಕೇಬಲ್‌ಗೆ ಆ ಯೋಗ ಇರಲಿಲ್ಲ. ಗುತ್ತಿಗೆದಾರರು ದಡದಲ್ಲೇ ನಿಂತು ನೋಡಿ 'ತಳ ಸಮತಟ್ಟಾಗಿದೆ' ಎಂದು ಬರೆದುಕೊಟ್ಟಿದ್ದರು. ಕದ್ದು ಮರಳು ತೆಗೆಯುವವರು ನೀರಿನೊಳಗೆ ಎರಡಾಳುದ್ದದ ಹೊಂಡ ತೋಡಿದ್ದರು. ಕೇಬಲ್ ತುಂಡಾದದ್ದೂ ಅವರ ಯಂತ್ರಕ್ಕೆ ಸಿಕ್ಕಿಯೇ. ಅವರ ಮನೆ ಹಾಳಾಗ.

ತುಂಡಾದ ತುದಿ ಹುಡುಕಲು ಸಿದ್ದರಾಜು ಎಂಬ ಮೀನುಗಾರನನ್ನು ಕರೆಸಿದೆವು. ಅವನ ಅಣ್ಣ ಮಾದೇವ ಬಲೆ ಬಿಡಿಸಲು ಮುಳುಗಿ, ಇಂಥದೇ ಹೊಂಡದಲ್ಲಿ ಸತ್ತಿದ್ದ. ಹೆಣವೂ ಸಿಕ್ಕಿರಲಿಲ್ಲ. ಅದು ಗೊತ್ತಿದ್ದೂ ತಮ್ಮನನ್ನು ಇಳಿಸಿದೆವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು.

ಅವನ ಸೊಂಟದ ಹಗ್ಗದ ಇನ್ನೊಂದು ತುದಿ ತೆಪ್ಪದಲ್ಲಿ ಕುಳಿತ ನನ್ನ ಕೈಯಲ್ಲಿತ್ತು. ಒಂದು ಸಲ ಜಗ್ಗಿದರೆ ಸಡಿಲ ಬಿಡಬೇಕು, ಮೂರು ಸಲ ಜಗ್ಗಿದರೆ ಮೇಲೆಳೆಯಬೇಕು. ನಾವು ಮಾತಾಡಿಕೊಂಡಿದ್ದು ಇಷ್ಟೇ. ಅವನು ಮುಳುಗಿದ ಸ್ವಲ್ಪ ಹೊತ್ತಿಗೆ ಹಗ್ಗ ಐದು ಸಲ ಜಗ್ಗಿತು, ಎಣಿಸಿ ಜಗ್ಗಿದ ಹಾಗೆ. ಐದಕ್ಕೆ ನನ್ನ ಮಟ್ಟಿಗೆ ಅರ್ಥವೇ ಇರಲಿಲ್ಲ. ಆದರೂ ಎಳೆದುಬಿಟ್ಟೆ.

ತಲೆ ಮೇಲೆ ಬಂದದ್ದೇ ತಡ, ಸಿದ್ದರಾಜು ರೇಗಿದ. "ಯಾಕ್ ಸಾ ಎಳುದ್ಬುಟ್ರಿ? ತುದಿ ಇನ್ನೇನ್ ಕೈಗ್ ಸಿಕ್ತಿತ್ತು. ನಾ ಅಗ್ಗ ಮುಟ್ಟೇ ಇಲ್ಲ."

ಕೆಲಸ ಕೆಡಿಸಿದೆನೆಂದು ದಡದಿಂದ ಗುತ್ತಿಗೆದಾರರೂ ಬೈದರು. ಅವರ ಬೈಗುಳ ಮುಗಿಯುವ ಮೊದಲೇ ಅವನು ಮುಳುಗಿದ್ದ ಜಾಗದಲ್ಲಿ ನೀರು ಗುಳುಗುಳು ಎಂದು ರಾಡಿಯಾಯಿತು. ಹೊಂಡದ ಮರಳುಗೋಡೆ ಕುಸಿದಿತ್ತು.

ಐದು ಸಲ ಜಗ್ಗಿತು ಎಂದು ಹೇಳಿದಾಗ, ತೆಪ್ಪ ಹತ್ತಿದ್ದ ಸಿದ್ದರಾಜು ಸೊಂಟದ ಹಗ್ಗವನ್ನು ಕೈಗೆ ತೆಗೆದುಕೊಂಡ. "ಐದು ಅಂದ್ರ ನಮ್ಮಣ್ಣನ್ ಗುರ್ತು ಸಾ. ಕೆಳಗ್ ಅಪಾಯ ಅದೆ, ಏನೂ ಕೇಳ್ದೆ ಎಳುದ್ಬುಡು ಅಂತ. ನಮ್ಮಿಬ್ರುನ್ ಬುಟ್ರೆ ಯಾರ್ಗೂ ಗೊತ್ತಿರ್ನಿಲ್ಲ."

ನೀರಿನ ಸೆಳೆತವಿರಬಹುದು, ಜಾರುವ ಮರಳು ಹಗ್ಗಕ್ಕೆ ತಾಗಿರಬಹುದು. ಹೀಗೆಲ್ಲ ಯೋಚಿಸಿ ನೋಡಿದ್ದೇನೆ, ಯಾವುದೂ ಮನಸ್ಸಿಗೆ ಒಪ್ಪುವುದಿಲ್ಲ. ಹೊಂಡದ ವಿಷಯ ಕಚೇರಿಗೆ ಬರೆದುಕೊಟ್ಟೆ. ಉತ್ತರವಾಗಿ 'ತಳ ಸಮತಟ್ಟಾಗಿದೆ' ಎಂಬ ಹಳೆಯ ಕಾಗದದ ನಕಲೇ ಬಂತು. ಹೋದ ವಾರವೂ ಹಸಿ ಮರಳಿನ ಲಾರಿಯೊಂದು ರಸ್ತೆಯುದ್ದಕ್ಕೂ ನೀರು ಸೋರಿಸುತ್ತ ಚಿಕ್ಕಯ್ಯನಛತ್ರದ ಕಡೆ ಹೋಯಿತು.

ಆ ಹಗ್ಗ ಜಗ್ಗಿದ್ದು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹೊಂಡ ತೋಡಿದ್ದು ಯಾರೆಂದು ಊರಿಗೆಲ್ಲ ಗೊತ್ತು.